ಇಂಟರ್ನ್‌ಶಿಪ್ ಮುಗಿಯುವವರೆಗೆ ಕಾಯಬೇಡ

ತಂಗಿ,

ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಕೊನೆಯ ವರ್ಷಕ್ಕೆ ಈಗಷ್ಟೇ ಕಾಲಿಟ್ಟಿದ್ದೀಯ. ಅಮೆರಿಕದ ಆಸ್ಪತ್ರೆಗಳಲ್ಲಿ ಎರಡು ಮೂರು ತಿಂಗಳು ಕ್ಲಿನಿಕಲ್ ರೊಟೇಶನ್ (ವಾರ್ಡಿನಲ್ಲಿದ್ದು ಕಲಿಯುವ ಅವಧಿ) ಮಾಡಬೇಕು, ಅದನ್ನು ಹೊಂದಿಸಿಕೊಳ್ಳುವುದು ಹೇಗೆ, ಏಜೆನ್ಸಿಗೆ ದುಡ್ಡು ಕಟ್ಟಬಹುದೇ, ಇಂಟರ್ನ್‌ಶಿಪ್ ಮುಗಿಸಿಯೇ ಬರುವುದು ಒಳ್ಳೆಯದಲ್ಲವೇ, ವಸತಿ, ಚಳಿ, ಊಟ ಹೇಗೆ ಎಂದು ಕೇಳಿದ್ದೀಯ. ಇಂಟರ್ನ್‌ಶಿಪ್ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಮುಗಿಸಿಕೊಂಡು ಬರಬೇಡ. ಇಲ್ಲಿ ಅಮೆರಿಕದಲ್ಲಿ ವಿದ್ಯಾರ್ಥಿಗೆ ಸಿಗುವುದು ಇಲೆಕ್ಟಿವ್, ಡಿಗ್ರಿ ಆದವರಿಗೆ ಹೆಚ್ಚಾಗಿ ಸಿಗುವುದು ಅಬ್ಸರ್ವರ್‌ಶಿಪ್. ಇಲೆಕ್ಟಿವ್‌ನಲ್ಲಿ ರೋಗಿಯ ಹತ್ತಿರ ನೀನೇ ಹೋಗಿ ಹಿಸ್ಟರಿ ತೆಗೆಯುತ್ತೀಯ, ಪರೀಕ್ಷೆ ಮಾಡುತ್ತೀಯ, ರೌಂಡ್ಸ್‌ನಲ್ಲಿ ಕೇಸು ಹೇಳುತ್ತೀಯ. ಅಬ್ಸರ್ವರ್‌ಶಿಪ್ ಎಂದರೆ ಡಾಕ್ಟರ ಹಿಂದೆ ನಿಂತು ನೋಡುವುದು. ರೋಗಿಯ ಎದೆಗೆ ಸ್ಟೆತಸ್ಕೋಪ್ ಇಡುವಂತಿಲ್ಲ. ರೆಸಿಡೆನ್ಸಿಗೆ, ಅಂದರೆ ಇಲ್ಲಿನ ಪಿಜಿ ತರಬೇತಿಗೆ, ಆರಿಸುವವರು ಇವೆರಡನ್ನೂ ಒಂದೇ ತೂಕದಲ್ಲಿ ನೋಡುವುದಿಲ್ಲ. ‘ಮೊದಲು ಡಿಗ್ರಿ ಆಗಲಿ, ಆಮೇಲೆ ನೋಡೋಣ’ ಎಂಬ ಮನೆಯವರ ಮಾತು ಕೇಳಿ, ಇಂಟರ್ನ್‌ಶಿಪ್ ಮುಗಿಸಿ, ರಿಜಿಸ್ಟ್ರೇಶನ್ ಮಾಡಿಸಿಕೊಂಡು ಬಂದ ನಮ್ಮ ಮಕ್ಕಳು ಇಲ್ಲಿನ ವಾರ್ಡಿನ ಮೂಲೆಯಲ್ಲಿ ಕೈಕಟ್ಟಿ ನಿಂತಿರುತ್ತಾರೆ. ಊರಿನಲ್ಲಿ ಕ್ಯಾಶುವಾಲ್ಟಿಯನ್ನು ರಾತ್ರಿಯಿಡೀ ನಿಭಾಯಿಸಿದ ಕೈಗಳು ಅವು. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಅಪ್ಪ ಅಮ್ಮ ಹೇಳುವುದು ಪ್ರೀತಿಯಿಂದಲೇ, ಆದರೆ ಮುಚ್ಚಿದ ಈ ಬಾಗಿಲು ಮತ್ತೆ ತೆರೆಯುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನೀನೇ ಕೂತು ಹೇಳು.

ನಿನಗಿರುವ ಸಮಯ ಮೂರು ಕಡೆ ಇದೆ. ಒಂದು, ಈ ವರ್ಷದೊಳಗೇ ಕಾಲೇಜಿನ ಅನುಮತಿ ಪಡೆದು ನಾಲ್ಕು ವಾರ. ಆದರೆ ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಹಾಜರಿ ಬೇಕು, ಲೆಕ್ಕ ಹಾಕಿಯೇ ರಜೆ ಕೇಳು. ಎರಡು, ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ದಿನಗಳು. ಆಗ ನೀನು ಇನ್ನೂ ವಿದ್ಯಾರ್ಥಿನಿ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ, ನನ್ನ ಮಟ್ಟಿಗೆ ಇದೇ ಅತ್ಯುತ್ತಮ. ಮೂರು, ಇಂಟರ್ನ್‌ಶಿಪ್. ನಮ್ಮಲ್ಲಿ ಅದು ಮುಗಿದ ಮೇಲೆಯೇ ಡಿಗ್ರಿ ಕೊಡುವುದರಿಂದ ಕೆಲವು ಆಸ್ಪತ್ರೆಗಳು ಇಂಟರ್ನ್‌ಗಳನ್ನು ವಿದ್ಯಾರ್ಥಿಗಳೆಂದೇ ಒಪ್ಪುತ್ತವೆ. ಇನ್ನು ಕೆಲವು, ಕೊನೆಯ ಪರೀಕ್ಷೆ ಪಾಸಾಗಿದ್ದರೆ ಪದವೀಧರರೆಂದೇ ಎಣಿಸುತ್ತವೆ. ಅರ್ಜಿಯ ಶುಲ್ಕ ಕಟ್ಟುವ ಮೊದಲೇ ಇದನ್ನು ಈಮೇಲ್‌ನಲ್ಲಿ ಕೇಳಿ ಲಿಖಿತ ಉತ್ತರ ಇಟ್ಟುಕೋ. ಇಂಟರ್ನ್‌ಶಿಪ್‌ನಲ್ಲಿ ಸಿಗುವ ರಜೆ ಹದಿನೈದು ದಿನ. ಅದಕ್ಕಿಂತ ಹೆಚ್ಚು ಹೋದಷ್ಟೂ ಇಂಟರ್ನ್‌ಶಿಪ್ ಮುಂದಕ್ಕೆ ಜಾರುತ್ತದೆ. ನೀಟ್ ಪಿಜಿಯನ್ನೂ ಬರೆಯುವ ಯೋಚನೆಯಿದ್ದರೆ ಆ ವರ್ಷದ ಇಂಟರ್ನ್‌ಶಿಪ್ ಕೊನೆಯ ದಿನಾಂಕ ತಪ್ಪಿಹೋಗದಂತೆ ನೋಡಿಕೊಳ್ಳಬೇಕು.

ಅರ್ಜಿಯ ದಾರಿಗೆ ಬರೋಣ. ಇಲ್ಲಿನ ಮೆಡಿಕಲ್ ಕಾಲೇಜುಗಳ ಒಕ್ಕೂಟವಾದ ಎಎಎಂಸಿ ನಡೆಸುವ ವಿಎಸ್‌ಎಲ್‌ಒ ಎಂಬ ವ್ಯವಸ್ಥೆಯಿದೆ. ಅದರ ಜಾಗತಿಕ ಜಾಲದಲ್ಲಿ ನಿನ್ನ ಕಾಲೇಜು ಸೇರಿದ್ದರೆ ಮಾತ್ರ ನಿನಗೆ ಪ್ರವೇಶ, ಅದೂ ಕಾಲೇಜಿನ ಕೋಆರ್ಡಿನೇಟರ್ ಮೂಲಕ. ಸೇರಿಲ್ಲದಿದ್ದರೆ ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನು ನೇರವಾಗಿ ತೆಗೆದುಕೊಳ್ಳುವ ಮೆಡಿಕಲ್ ಸ್ಕೂಲುಗಳನ್ನು ಒಂದೊಂದಾಗಿ ಹುಡುಕಬೇಕು. ಅವರು ಕೇಳುವುದು ಹೆಚ್ಚುಕಡಿಮೆ ಒಂದೇ: ಡೀನ್ ಪತ್ರ, ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆ, ಹಲವು ಕಡೆ ಸ್ಟೆಪ್ 1 (ಇಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯ ಮೊದಲ ಹಂತ) ಪಾಸು, ಬಿಎಲ್‌ಎಸ್ (ಪ್ರಾಥಮಿಕ ಜೀವರಕ್ಷಣೆ ತರಬೇತಿ) ಕಾರ್ಡು, ಹಿನ್ನೆಲೆ ಪರಿಶೀಲನೆ, ಆರೋಗ್ಯ ವಿಮೆ, ಚಿಕಿತ್ಸೆಯಲ್ಲಿ ತಪ್ಪಾದರೆ ರಕ್ಷಣೆ ಕೊಡುವ ಮಾಲ್‌ಪ್ರಾಕ್ಟಿಸ್ ವಿಮೆ. ಕೊನೆಯದು ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೆಚ್ಚಾಗಿ ಒಂದು ಪ್ರಕರಣಕ್ಕೆ 10 ಲಕ್ಷ ಡಾಲರ್, ಒಟ್ಟು 30 ಲಕ್ಷ ಡಾಲರ್ ರಕ್ಷಣೆ ಕೇಳುತ್ತಾರೆ. ಆಸ್ಪತ್ರೆಯೇ ಕೊಡುತ್ತದೆಯೇ ಎಂದು ವಿಚಾರಿಸು, ಇಲ್ಲವಾದರೆ ವಿದ್ಯಾರ್ಥಿಗಳಿಗೆಂದೇ ಇರುವ ಪಾಲಿಸಿ ಕೊಳ್ಳಬೇಕು. ಜುಲೈಯಿಂದ ಅಕ್ಟೋಬರ್‌ವರೆಗೆ ಇಲ್ಲಿನ ಕೊನೆಯ ವರ್ಷದವರೇ ಬೇರೆ ಬೇರೆ ಆಸ್ಪತ್ರೆಗಳಿಗೆ ಮುಗಿಬೀಳುತ್ತಾರೆ. ಜನವರಿಯಿಂದ ಮೇವರೆಗಿನ ತಿಂಗಳುಗಳಿಗೆ ಪ್ರಯತ್ನಿಸು. ಸೆಪ್ಟೆಂಬರ್‌ನಲ್ಲಿ ರೆಸಿಡೆನ್ಸಿ ಅರ್ಜಿ ಹಾಕುವವರಿಗೆ ಡಾಕ್ಟರುಗಳ ಶಿಫಾರಸು ಪತ್ರಗಳೂ ಆ ಹೊತ್ತಿಗೆ ಕೈಗೆ ಬಂದಿರುತ್ತವೆ.

ಜಾಣ ಮಕ್ಕಳೂ ಎಡವುವುದು ಲಸಿಕೆಯ ಫಾರಂನಲ್ಲಿ. ‘ಚಿಕ್ಕವಳಿದ್ದಾಗ ಎಲ್ಲ ಹಾಕಿಸಿದ್ದೇವೆ’ ಎಂಬ ಅಮ್ಮನ ಮಾತು ಇಲ್ಲಿ ನಡೆಯುವುದಿಲ್ಲ. ದಿನಾಂಕವಿರುವ ದಾಖಲೆ ಬೇಕು, ಇಲ್ಲವೇ ರಕ್ತದಲ್ಲಿ ಆಂಟಿಬಾಡಿ ತೋರಿಸಬೇಕು. ನಮ್ಮ ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಮಂಗನಬಾವು ಇಲ್ಲ, ಸೀತಾಳೆ ಸಿಡುಬೂ ಇಲ್ಲ. ಹಾಗಾಗಿ ಮಂಪ್ಸ್ ಐಜಿಜಿ, ವ್ಯಾರಿಸೆಲ್ಲಾ ಐಜಿಜಿ ಎಂಬ ಆಂಟಿಬಾಡಿ ಪರೀಕ್ಷೆ ಎರಡನ್ನೂ ಮೊದಲೇ ಮಾಡಿಸು. ನೆಗೆಟಿವ್ ಬಂದರೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಎರಡು ಡೋಸ್, ನಡುವೆ ಕನಿಷ್ಠ 28 ದಿನ. ಸೀತಾಳೆ ಸಿಡುಬಿನ ಲಸಿಕೆಗೂ ಎರಡು ಡೋಸ್, ಅಂತರ ಕನಿಷ್ಠ ನಾಲ್ಕು ವಾರ. ನಮ್ಮ ಕಡೆ ಹತ್ತು, ಹದಿನಾರನೇ ವಯಸ್ಸಿಗೆ ಕೊಡುವುದು ಟಿಡಿ (ಧನುರ್ವಾಯು, ಗಂಟಲಮಾರಿ ಲಸಿಕೆ), ಇವರು ಕೇಳುವುದು ನಾಯಿಕೆಮ್ಮೂ ಸೇರಿದ ಟಿಡ್ಯಾಪ್, ಅದನ್ನು ಬೇರೆಯಾಗಿ ಹಾಕಿಸಬೇಕು. ಹೆಪಟೈಟಿಸ್ ಬಿಗೆ ಮೂರು ಡೋಸ್ ಆಗಿದ್ದರೆ ಸಾಲದು, ರಕ್ತದಲ್ಲಿ ಅದರ ಆಂಟಿಬಾಡಿಯಾದ ಆಂಟಿ-ಎಚ್‌ಬಿಎಸ್ ಪ್ರಮಾಣ 10ಕ್ಕಿಂತ ಕಡಿಮೆ ಇರಬಾರದು. ಎಳವೆಯಲ್ಲಿ ಲಸಿಕೆ ಹಾಕಿಸಿಕೊಂಡವರಲ್ಲಿ ಈ ಸಂಖ್ಯೆ ಇಳಿದಿರುವುದು ಸಾಮಾನ್ಯ. ಆಗ ಇನ್ನೊಂದು ಡೋಸ್ ಹಾಕಿಸಿ ಒಂದೆರಡು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕು. ಕ್ಷಯಕ್ಕೆ ಚರ್ಮದ ಪರೀಕ್ಷೆ ಬೇಡ, ಬಿಸಿಜಿ ಲಸಿಕೆ ಆದವರಲ್ಲಿ ಅದು ಸುಳ್ಳು ಪಾಸಿಟಿವ್ ತೋರಿಸಬಹುದು. ಇಗ್ರಾ ರಕ್ತಪರೀಕ್ಷೆ ಮಾಡಿಸು. ಅದೂ ಪಾಸಿಟಿವ್ ಬಂದರೆ ಹೆದರಬೇಡ, ನಮ್ಮ ವಾರ್ಡುಗಳಲ್ಲಿ ಓಡಾಡಿದವರಿಗೆ ಅದೇನೂ ಅಪರೂಪವಲ್ಲ. ಎದೆಯ ಎಕ್ಸ್‌ರೇ ಮತ್ತು ಸಕ್ರಿಯ ಕ್ಷಯವಿಲ್ಲ ಎಂಬ ವೈದ್ಯರ ಪತ್ರ ಕೇಳುತ್ತಾರೆ. ಇನ್ನೊಂದು ಸೂಕ್ಷ್ಮ: ಎಂಎಂಆರ್‌ನಂಥ ಜೀವಂತ ಲಸಿಕೆ ಹಾಕಿಸಿದ ದಿನವೇ ಇಗ್ರಾಗೆ ರಕ್ತ ಕೊಡು, ಇಲ್ಲದಿದ್ದರೆ ನಾಲ್ಕು ವಾರ ಬಿಟ್ಟು ಕೊಡು. ನಡುವೆ ಕೊಟ್ಟರೆ ಫಲಿತಾಂಶವನ್ನು ನಂಬುವಂತಿಲ್ಲ. ಇದೆಲ್ಲ ಕೂಡಿಸಿದರೆ ಮೂರು ತಿಂಗಳು ಸುಲಭವಾಗಿ ಹೋಗುತ್ತದೆ.

ವೀಸಾ ಬಿ-1. ಪದವಿಯ ಭಾಗವಾಗಿ, ಸಂಬಳವಿಲ್ಲದೆ, ಇಲ್ಲಿನ ಮೆಡಿಕಲ್ ಸ್ಕೂಲಿನ ಆಸ್ಪತ್ರೆಯಲ್ಲಿ ಇಲೆಕ್ಟಿವ್ ಮಾಡುವ ವಿದೇಶಿ ವಿದ್ಯಾರ್ಥಿಗೆ ಅದರಲ್ಲಿ ಅವಕಾಶವಿದೆ. ಆಸ್ಪತ್ರೆಯ ಪತ್ರದಲ್ಲಿ ದಿನಾಂಕಗಳು, ಸಂಬಳವಿಲ್ಲ ಎಂಬ ಮಾತು, ಡೀನ್ ಪತ್ರದಲ್ಲಿ ಇದು ನಿನ್ನ ವ್ಯಾಸಂಗದ ಭಾಗ, ಹಿಂದಿರುಗಿ ಇಂಟರ್ನ್‌ಶಿಪ್ ಮಾಡಬೇಕಿದೆ ಎಂಬ ಮಾತು ಸ್ಪಷ್ಟವಾಗಿರಲಿ. ಸಂದರ್ಶನದಲ್ಲಿ ಊರು ನೋಡಲು ಹೋಗುತ್ತೇನೆ ಎನ್ನಬೇಡ, ಇಲೆಕ್ಟಿವ್ ಕ್ಲರ್ಕ್‌ಶಿಪ್ ಎಂದೇ ಹೇಳು. ಪಾಸ್‌ಪೋರ್ಟಿನಲ್ಲಿ ಬಿ-1/ಬಿ-2 ಎಂದು ಜೋಡಿಯಾಗಿ ಅಚ್ಚಾಗಿರುತ್ತದೆ. ವಿಮಾನ ನಿಲ್ದಾಣದಲ್ಲಿ ಇಳಿದಾಗ ಬಿ-1 ಎಂದೇ ದಾಖಲಾಗಿದೆಯೇ ಎಂದು ಆನ್‌ಲೈನ್‌ನಲ್ಲಿ ಐ-94 ಎಂಬ ಪ್ರವೇಶ ದಾಖಲೆ ತೆಗೆದು ನೋಡು.

ಏಜೆನ್ಸಿಯ ವಿಷಯ. ದುಡ್ಡು ತೆಗೆದುಕೊಂಡು ಖಾಸಗಿ ಕ್ಲಿನಿಕ್ಕಿನಲ್ಲಿ ಕೂರಿಸುವವರೇ ಹೆಚ್ಚು. ಕೊಡುವ ಮೊದಲು ಮೂರು ಕೇಳು: ಯಾವ ಆಸ್ಪತ್ರೆ, ಅಲ್ಲಿ ರೆಸಿಡೆನ್ಸಿ ಪ್ರೋಗ್ರಾಂ ಇದೆಯೇ, ಪತ್ರ ಯಾರ ಲೆಟರ್‌ಹೆಡ್‌ನಲ್ಲಿ ಬರುತ್ತದೆ. ಡಿಗ್ರಿ ಆದವರಿಗೂ ರೋಗಿಗಳನ್ನು ಮುಟ್ಟಲು ಬಿಡುತ್ತೇವೆ, ಬಿ-1ರಲ್ಲೇ ಬನ್ನಿ ಎನ್ನುವವರ ಹತ್ತಿರ ಹೋಗಲೇಬೇಡ. ಡಾಕ್ಟರಾದವರಿಗೆ ಆ ವೀಸಾ ನೋಡಿ ಕಲಿಯಲು ಮಾತ್ರ. ನಿಯಮ ಮುರಿದ ಕಲೆ ಮುಂದಿನ ಪ್ರತಿ ಅರ್ಜಿಗೂ ಅಂಟಿಕೊಳ್ಳುತ್ತದೆ.

ನಾನು ಬಂದ ಕಾಲಕ್ಕೆ ಸ್ಟೆಪ್ 1ಕ್ಕೆ ಅಂಕ ಇತ್ತು, ರೋಗಿಯಂತೆ ನಟಿಸುವವರನ್ನು ಪರೀಕ್ಷಿಸುವ ಸ್ಟೆಪ್ 2 ಸಿಎಸ್ ಕೂಡ ಇತ್ತು. ಸಿಎಸ್ 2021ರಲ್ಲಿ ನಿಂತಿತು, 2022ರ ಜನವರಿಯಿಂದ ಸ್ಟೆಪ್ 1 ಬರೀ ಪಾಸು-ಫೇಲು. ಅದಕ್ಕೇ ಸ್ಟೆಪ್ 2 ಸಿಕೆ ಎಂಬ ಮುಂದಿನ ಪರೀಕ್ಷೆಯ ಅಂಕದ ಜೊತೆಗೆ ವಾರ್ಡಿನಲ್ಲಿ ನೀನು ಕೆಲಸ ಮಾಡಿದ್ದನ್ನು ಕಂಡವರ ಪತ್ರಕ್ಕೆ ಬೆಲೆ ಹೆಚ್ಚಿದೆ.

ಆ ವಾರ್ಡಿನ ವಿಷಯ ಹೇಳಲೇಬೇಕು. ಹೃದಯದ ಮರ್ಮರ್ ಕೇಳಿಸಿಕೊಳ್ಳುವುದು, ಬೆರಳಿನಿಂದ ತಟ್ಟಿ ಲಿವರ್ ಪರ್ಕಸ್ ಮಾಡುವುದು, ನಮ್ಮ ಸರ್ಕಾರಿ ಆಸ್ಪತ್ರೆಯ ಮಂಚಗಳ ಪಕ್ಕ ಕಲಿತ ಕೈಗೆ ಇಲ್ಲಿ ಸಾಟಿ ಸಿಗುವುದು ಕಷ್ಟ. ಆ ಹೆಮ್ಮೆ ಇಟ್ಟುಕೋ. ಆದರೆ ಕೇಸು ಹೇಳುವ ಕ್ರಮ ಬೇರೆ. ಪ್ಯಾಲರ್, ಇಕ್ಟೆರಸ್, ಸಯನೋಸಿಸ್, ಕ್ಲಬ್ಬಿಂಗ್ ಎಂದು ಸಾಲು ಒಪ್ಪಿಸುವಷ್ಟರಲ್ಲಿ ಕೇಳುವವರ ಗಮನ ಬೇರೆಡೆ ಹೋಗಿರುತ್ತದೆ. ರೋಗಿ ಯಾರು, ಯಾಕೆ ಬಂದರು ಎಂದು ಒಂದೇ ವಾಕ್ಯ, ರಾತ್ರಿ ಏನಾಯಿತು, ವೈಟಲ್ಸ್, ಮುಖ್ಯ ಪರೀಕ್ಷೆ, ಲ್ಯಾಬ್, ಆಮೇಲೆ ಒಂದೊಂದು ತೊಂದರೆಗೂ ನಿನ್ನ ಅಭಿಪ್ರಾಯ ಮತ್ತು ಮುಂದೇನು ಮಾಡಬೇಕು ಎಂಬುದು. ಒಟ್ಟು ನಾಲ್ಕೈದು ನಿಮಿಷ. ಕೊನೆಯ ಭಾಗವನ್ನು ‘ಸರ್ ಹೇಳಿದಂತೆ’ ಎಂದು ಬಿಟ್ಟರೆ ನಿನಗೆ ಗೊತ್ತಿಲ್ಲ ಎಂದೇ ಅರ್ಥ. ನಮ್ಮಲ್ಲಿ ಚೀಫ್ ಮುಂದೆ ಸುಮ್ಮನಿರುವುದು ಮರ್ಯಾದೆ, ಇಲ್ಲಿ ಸುಮ್ಮನಿದ್ದವರ ಬಗ್ಗೆ ಪತ್ರದಲ್ಲಿ ಬರೆಯಲು ಏನೂ ಇರುವುದಿಲ್ಲ. ತಪ್ಪಾದರೂ ಸರಿ, ಕಾರಣ ಕೊಟ್ಟು ಹೇಳು. ಪ್ಯಾರಸಿಟಮಾಲ್‌ಗೆ ಅಸೆಟಮಿನೊಫೆನ್, ಸಾಲ್ಬುಟಮಾಲ್‌ಗೆ ಆಲ್ಬ್ಯುಟೆರಾಲ್, ಅಡ್ರಿನಲಿನ್‌ಗೆ ಎಪಿನೆಫ್ರಿನ್ ಎನ್ನುವುದನ್ನು ಬರುವ ಮೊದಲೇ ರೂಢಿ ಮಾಡಿಕೋ. ರೋಗಿಯನ್ನು ಮುಟ್ಟುವ ಮೊದಲು ಹೆಸರು ಹೇಳಿ ಅನುಮತಿ ಕೇಳು. ನಿನ್ನದಲ್ಲದ ರೋಗಿಯ ಕಡತವನ್ನು ಕಂಪ್ಯೂಟರಿನಲ್ಲಿ ಕುತೂಹಲಕ್ಕೂ ತೆರೆಯಬೇಡ. ಯಾರು ಯಾವಾಗ ತೆರೆದರು ಎಂಬುದು ದಾಖಲಾಗುತ್ತದೆ, ಅಷ್ಟಕ್ಕೇ ರೊಟೇಶನ್ ನಿಲ್ಲಬಹುದು.

ಪತ್ರಕ್ಕೆ ದೊಡ್ಡ ಆಸ್ಪತ್ರೆಯ ಹೆಸರಿಗಿಂತ ನಿನ್ನನ್ನು ಹತ್ತಿರದಿಂದ ನೋಡಿದ ಡಾಕ್ಟರು ಮುಖ್ಯ. ಹಲವು ಕಡೆ ಅಟೆಂಡಿಂಗ್ (ವಾರ್ಡಿನ ಹಿರಿಯ ಡಾಕ್ಟರು) ವಾರಕ್ಕೋ ಎರಡು ವಾರಕ್ಕೋ ಬದಲಾಗುತ್ತಾರೆ. ಮೊದಲ ದಿನವೇ ಅವರ ಪಟ್ಟಿ ಕೇಳಿ, ಹೆಚ್ಚು ದಿನ ಒಬ್ಬರ ಕೆಳಗಿರುವಂತೆ ನೋಡಿಕೋ. ಅವರ ಜೊತೆಗಿನ ದಿನಗಳು ಮುಗಿಯುವ ಮೊದಲು ಎದುರಿಗೆ ಕೂತೇ ಕೇಳು, ‘ನನ್ನ ಬಗ್ಗೆ ಗಟ್ಟಿಯಾಗಿ ಬರೆಯಲು ಸಾಧ್ಯವೇ’ ಎಂದು. ಹಿಂದೇಟು ಹಾಕಿದರೆ ಧನ್ಯವಾದ ಹೇಳಿ ಬಿಟ್ಟುಬಿಡು. ಒಪ್ಪಿದರೆ ಸಿವಿ ಮತ್ತು ನೀನು ನೋಡಿಕೊಂಡ ಕೇಸುಗಳನ್ನು ರೋಗಿಗಳ ಹೆಸರಿಲ್ಲದೆ ಬರೆದು ಕೊಡು. ಪತ್ರವನ್ನು ಅವರೇ ಇರಾಸ್ ಎಂಬ ರೆಸಿಡೆನ್ಸಿ ಅರ್ಜಿಯ ಪೋರ್ಟಲಿಗೆ ಹಾಕಬೇಕು, ಅದನ್ನು ಓದುವ ಹಕ್ಕನ್ನು ನೀನು ಬಿಟ್ಟುಕೊಡುವುದು ಒಳ್ಳೆಯದು. ಒಂದು ಪ್ರೋಗ್ರಾಮಿಗೆ ಹೆಚ್ಚೆಂದರೆ ನಾಲ್ಕು ಪತ್ರ.

ವಸತಿಗೆ ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕೋಣೆ ಸಾಕು, ಬೆಳಗಿನ ಆರಕ್ಕೆ ಬಸ್ಸು ನಂಬಿಕೊಳ್ಳಬೇಡ. ಚಳಿಯ ಬಟ್ಟೆ ಇಲ್ಲಿಗೆ ಬಂದೇ ತಗೋ. ಊಟ ಹೇಗೋ ಆಗುತ್ತದೆ, ಚಟ್ನಿಪುಡಿ ಮಾತ್ರ ಮನೆಯಿಂದ ತಾ. ಶೇಂಗಾದ್ದು ಇಲ್ಲಿ ಆ ರುಚಿಗೆ ಎಲ್ಲೂ ಸಿಗದು.

ಈ ವಾರ ಎರಡು ಕೆಲಸ ಮಾಡು. ಡೀನ್ ಆಫೀಸಿಗೆ ಹೋಗಿ ಕಾಲೇಜು ವಿಎಸ್‌ಎಲ್‌ಒದಲ್ಲಿ ಇದೆಯೇ, ಇಲ್ಲದಿದ್ದರೆ ಇಲೆಕ್ಟಿವ್ ಪತ್ರಕ್ಕೆ ಯಾರು ಸಹಿ ಹಾಕುತ್ತಾರೆ ಎಂದು ಕೇಳು. ಲ್ಯಾಬಿಗೆ ಹೋಗಿ ಆಂಟಿ-ಎಚ್‌ಬಿಎಸ್, ಮೀಸಲ್ಸ್, ಮಂಪ್ಸ್, ರುಬೆಲ್ಲಾ, ವ್ಯಾರಿಸೆಲ್ಲಾ ಐಜಿಜಿಗೆ ರಕ್ತ ಕೊಡು. ಆ ವರದಿಗಳನ್ನು ಕಳಿಸು, ಮುಂದಿನದನ್ನು ಅವು ನೋಡಿ ಹೇಳುತ್ತೇನೆ.