ಅಜ್ಜಿ ಕಟ್ಟಿಕೊಟ್ಟ ಹಪ್ಪಳ ತರಬಹುದಾ?

ಸೆಪ್ಟೆಂಬರಿಗೆ ಉಡುಪಿಯಿಂದ ಟೊರಾಂಟೊಗೆ ಓದಲು ಬರುತ್ತಿರುವ ಹುಡುಗನೊಬ್ಬ ಕೇಳಿದ್ದಾನೆ: ಬಾಡಿಗೆ ಹೇಗೆ, ಚಳಿ ಹೇಗೆ, ಪಾರ್ಟ್ ಟೈಮ್ ಕೆಲಸ ಸಿಗುತ್ತದಾ? ಕೊನೆಗೆ ಒಂದು ಸಾಲು. "ಅಜ್ಜಿ ಹಲಸಿನ ಹಪ್ಪಳ ಕಟ್ಟಿಕೊಡುತ್ತೇನೆ ಅಂತ ಹಠ ಹಿಡಿದಿದ್ದಾರೆ. ಏರ್‌ಪೋರ್ಟಿನಲ್ಲಿ ಯಾಕೆ ರಗಳೆ, ಬೇಡ ಅಂದುಬಿಡಲಾ?"

ಮೊದಲಿನದ್ದನ್ನೆಲ್ಲ ಬೇಗ ಮುಗಿಸುತ್ತೇನೆ. ಬಾಡಿಗೆ ಜಾಸ್ತಿ. ಇನ್ನಿಬ್ಬರ ಜೊತೆ ಸೇರಿ ಮನೆ ಹಿಡಿ, ಮನೆ ನೋಡದೆ ಅಡ್ವಾನ್ಸ್ ಕಳಿಸಬೇಡ. ಜಾಕೆಟ್ ಇಲ್ಲಿ ಬಂದು ತೆಗೆದುಕೋ, ಊರಿನ ಜಾಕೆಟ್ ಇಲ್ಲಿ ಅಂಗಿಗೆ ಸಮ. ಕೆಲಸ ಸಿಗುತ್ತದೆ, ಆದರೆ ನೀನು ಅಂದುಕೊಂಡದ್ದಲ್ಲ. ನಾನು ಮೊದಲ ವರ್ಷ ಒಂದು ಅಂಗಡಿಯಲ್ಲಿ ರಾತ್ರಿಯಿಡೀ ಪೆಟ್ಟಿಗೆ ಹೊತ್ತವನು. ಕುಚ್ಚಲಕ್ಕಿ ಬೇಕಾದರೆ ಕೇರಳದವರ ಅಂಗಡಿಯಲ್ಲಿ ಮಟ್ಟ ಅಕ್ಕಿ ಕೇಳು. ಗಂಜಿಗೆ ತೊಂದರೆ ಇಲ್ಲ.

ಹಪ್ಪಳದ ವಿಷಯ ಸ್ವಲ್ಪ ಉದ್ದ ಉಂಟು.

ನಾವಿದ್ದದ್ದು ಮಂಗಳೂರಿನಲ್ಲಿ, ಅಜ್ಜನ ಮನೆ ಕೋಟದಲ್ಲಿ. ಆಗಿನ್ನೂ ಉಡುಪಿ ಬೇರೆ ಜಿಲ್ಲೆ ಆಗಿರಲಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಕುಂದಾಪುರದ ಬಸ್ಸು. ಮಾಬುಕಳ ಸೇತುವೆ ಬಂತು ಅಂದರೆ ಅಮ್ಮ ಚಪ್ಪಲಿ ಹಾಕಿಕೊಳ್ಳಿ ಅನ್ನುತ್ತಿದ್ದರು. ಯಾವ ಬಸ್ಸಿಗೆ ಬರುತ್ತೇವೆ ಅಂತ ತಿಳಿಸಲು ಆ ಮನೆಯಲ್ಲಿ ಫೋನಿರಲಿಲ್ಲ. ಅಜ್ಜ ಬೆಳಿಗ್ಗೆಯಿಂದ ಕೊಡೆ ಹಿಡಿದು ಸ್ಟಾಪಿನಲ್ಲಿ ನಿಂತಿರುತ್ತಿದ್ದರು. ಎಷ್ಟು ಹೊತ್ತಾಯ್ತು ಅಂತ ಕೇಳಿದರೆ "ಈಗಷ್ಟೇ ಬಂದೆ."

ಮೇ ತಿಂಗಳಿಡೀ ಹಪ್ಪಳದ ಕೆಲಸ. ಬಲಿತ ಹಲಸಿನಕಾಯಿಯ ಸೊಳೆ ಬೇಯಿಸಿ, ಉಪ್ಪು, ಮೆಣಸು, ಜೀರಿಗೆ ಹಾಕಿ ಅಜ್ಜಿ ಒರಳಿನಲ್ಲಿ ರುಬ್ಬುತ್ತಿದ್ದರು. ಅಂಗೈಗೆ ಎಣ್ಣೆ ಸವರಿ ಉಂಡೆ ಕಟ್ಟಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತುವುದು. ಆಮೇಲೆ ಅಂಗಳದಲ್ಲಿ ಚಾಪೆ. ಕಾಗೆ ಓಡಿಸಲು ನಾನು ಕೋಲು ಹಿಡಿದು ಕೂರಬೇಕು. ಅರ್ಧ ಒಣಗಿದ ಹಪ್ಪಳ ಬೆಲ್ಟಿನ ಹಾಗೆ ಬಾಗುತ್ತದೆ ನೋಡು, ಅದರ ರುಚಿಯೇ ಬೇರೆ. ಕಾಗೆಗಿಂತ ನಾನೇ ಜಾಸ್ತಿ ತಿಂದಿದ್ದೇನೆ. ಸಂಜೆ ಅಜ್ಜಿ ಲೆಕ್ಕ ಹಾಕಿ, "ಈ ವರ್ಷ ಕಾಗೆಗೆ ಎರಡು ಕೈ ಬಂದಿದೆ ಕಾಣುತ್ತೆ" ಅನ್ನುತ್ತಿದ್ದರು. ಅಷ್ಟೇ.

ನಾನು ಇಲ್ಲಿಗೆ ಬಂದದ್ದು 2009ರಲ್ಲಿ. ಅಜ್ಜ ಆಗಲೇ ಇರಲಿಲ್ಲ. ಅಜ್ಜಿ ನನಗೆ ಅಂತಲೇ ಒಬ್ಬರೇ ಕೂತು ಹಪ್ಪಳ ಮಾಡಿ, ಬಿಸ್ಕೆಟಿನ ಡಬ್ಬದಲ್ಲಿ ಹಾಕಿ, ಹಳೇ ಪಂಚೆಯಲ್ಲಿ ಸುತ್ತಿ ಕೊಟ್ಟಿದ್ದರು. ಟೊರಾಂಟೊದಲ್ಲಿ ಇಳಿದಾಗ ತಿಂಡಿ ತಂದಿದ್ದೀರಾ ಅಂತ ಬರೆಯುವ ಫಾರ್ಮ್ ಕಂಡಿತು. ವೀಸಾ ಕಿತ್ತುಕೊಂಡು ವಾಪಸ್ ಕಳಿಸುತ್ತಾರೋ ಅಂತ ಹೆದರಿಕೆ. ಹಿಂದೆ ಕ್ಯೂ ಬೇರೆ. ಅಲ್ಲೇ ಇದ್ದ ಕಸದ ಬುಟ್ಟಿಗೆ ಡಬ್ಬ ಹಾಕಿದೆ. ಪಂಚೆ ಸಮೇತ. ಯಾರೂ ಕೇಳಿರಲಿಲ್ಲ ಮಾರಾಯ. ಹತ್ತು ನಿಮಿಷದಲ್ಲಿ ಹೊರಗಿದ್ದೆ.

ತಿಂಗಳಾದ ಮೇಲೆ ಫೋನಿನಲ್ಲಿ ಅಜ್ಜಿ ಕೇಳಿದರು: "ಹಪ್ಪಳ ಹ್ಯಾಂಗ್ ಆಯ್ತ್ ಮಗಾ? ಉಪ್ಪು ಸಮ ಆಯ್ತಾ?"

"ಫಸ್ಟ್ ಕ್ಲಾಸ್ ಅಜ್ಜಿ. ಉಪ್ಪು, ಖಾರ ಎಲ್ಲ ಸರಿ. ರೂಮಿನವರೆಲ್ಲ ತಿಂದು ಖಾಲಿ ಮಾಡಿದರು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೌದಾ. ಉಂಡ್ಯಾ?"

ಎರಡು ವರ್ಷದ ನಂತರ ಸುಮ್ನೆ ಏನೋ ಮಾತಿನ ನಡುವೆ ಅಮ್ಮ ಹೇಳಿದರು. ನನಗೆ ಕಟ್ಟಿ ಉಳಿದ ಐದಾರು ಹಪ್ಪಳವನ್ನು ನಾನು ಹೊರಟ ಮೇಲೆ ಮನೆಯಲ್ಲಿ ಕರಿದರಂತೆ. ಉಪ್ಪೇ ಇಲ್ಲ. ಅಜ್ಜಿ ಹಾಕಲು ಮರೆತಿದ್ದರು. "ಪಾಪ, ಮಗುವಿಗೆ ಸಪ್ಪೆ ಕಟ್ಟಿಕೊಟ್ಟೆ" ಅಂತ ತಿಂಗಳಿಡೀ ಪೇಚಾಡಿದ್ದರಂತೆ.

ನಾನು ತಿನ್ನಲೇ ಇಲ್ಲ ಅಂತ ಅಜ್ಜಿಗೆ ಗೊತ್ತಾಯ್ತಾ, ಅಥವಾ ಬೇಜಾರು ಮಾಡಬಾರದು ಅಂತ ಸುಳ್ಳು ಹೇಳಿದೆ ಅಂದುಕೊಂಡರಾ? ಊರಿಗೆ ಹೋದಾಗ ಕೇಳೋಣ ಅಂತಿದ್ದೆ. ಮೊದಲ ಸಲ ಹೋದದ್ದು 2013ರಲ್ಲಿ. ಅಜ್ಜಿ ಹಿಂದಿನ ಮಳೆಗಾಲದಲ್ಲೇ ಹೋಗಿದ್ದರು.

ಹಾಗಾಗಿ ಬೇಡ ಅನ್ನಬೇಡ. ತಿನ್ನುವ ಸಾಮಾನು ಏನಿದ್ದರೂ ಇಲ್ಲಿ ಇಳಿದಾಗ ಉಂಟು ಅಂತ ಹೇಳಿಬಿಡು. ಹೇಳಿದ್ದಕ್ಕೆ ದಂಡ ಇಲ್ಲ, ಮುಚ್ಚಿಟ್ಟರೆ ಉಂಟು. ಕೆನಡಾ ಸರ್ಕಾರದ ವೆಬ್‌ಸೈಟಿನಲ್ಲಿ ಏನು ತರಬಹುದು, ಏನು ಬಾರದು ಅಂತ ಪಟ್ಟಿ ಇದೆ, ಹೊರಡುವ ಮೊದಲು ನೋಡು. ಹಸಿ ಹಣ್ಣು, ಮಾಂಸ ಎಲ್ಲ ಬೇಡ.

ಇನ್ನೊಂದು. ನವೆಂಬರಿನಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ಊರಿಗೂ ಇಲ್ಲಿಗೂ ಹತ್ತೂವರೆ ಗಂಟೆ. ಅಜ್ಜಿಯ ಬೆಳಿಗ್ಗೆ ಎಂಟು ಅಂದರೆ ನಿನ್ನ ರಾತ್ರಿ ಒಂಬತ್ತೂವರೆ. ಅವರಿಗೆ ಕಿವಿ ಮಂದವಾದರೆ ವಿಡಿಯೊ ಕಾಲ್ ಮಾಡು.

ಫ್ಲೈಟ್ ನಂಬರ್ ಕಳಿಸು, ಏರ್‌ಪೋರ್ಟಿಗೆ ನಾನೇ ಬರುತ್ತೇನೆ. ಡಬ್ಬ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಿದರೆ ಪುಡಿ ಆಗುತ್ತದೆ.