ಐಸ್ ಪ್ಲಾಂಟಿನ ಕರೆಂಟ್ ಬಿಲ್ ಬಗ್ಗೆ ಕೇಳಿದ ಹುಡುಗಿ

ಉಡುಪಿಯ ಲೆಕ್ಕಪತ್ರ ಕಚೇರಿಯೊಂದರ ಸೀನಿಯರ್ ಅಕೌಂಟೆಂಟ್ ಬರೆದ ಪತ್ರ ಓದಿದ ಮೇಲೆ ಈ ವಾರದ ಉಳಿದ ಪತ್ರಗಳನ್ನು ಬದಿಗಿಟ್ಟಿದ್ದೇನೆ. ಅವರ ಕೈಕೆಳಗೆ ಮೂವರು, ಎಲ್ಲರೂ ಬಿ.ಕಾಂ. ಮುಗಿಸಿ ಬಂದವರು. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಕೈ ಚುರುಕು, ಆದರೆ ಹೇಳಿದಷ್ಟೇ ಮಾಡುತ್ತಾರೆ. ಬ್ಯಾಂಕ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ "ಮೇಡಂ, ಡಿಫರೆನ್ಸ್ ಬರ್ತಾ ಉಂಟು" ಎಂದು ಸುಮ್ಮನೆ ಕೂರುತ್ತಾರೆ. ತಪ್ಪು ಹುಡುಕಿ ಸರಿಮಾಡುವಷ್ಟರಲ್ಲಿ ಈಕೆಗೆ ರಾತ್ರಿ ಎಂಟಾಗುತ್ತದೆ. ಇವರಿಗೆ ತಲೆ ಓಡಿಸಲು ಕಲಿಸುವುದು ಹೇಗೆ ಎಂಬುದು ಪ್ರಶ್ನೆ.

ಮೇಡಂ, ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಸಂಗತಿಯೊಂದಿದೆ. ಕಳೆದ ವರ್ಷ ಇವರಲ್ಲಿ ಒಬ್ಬಳು, ಮಲ್ಪೆ ಕಡೆಯ ಹುಡುಗಿ, ಐಸ್ ಪ್ಲಾಂಟೊಂದರ ಲೆಕ್ಕ ಬರೆಯುತ್ತಾ "ಜುಲೈಯ ಕರೆಂಟ್ ಖರ್ಚು ಏಪ್ರಿಲ್‌ನಷ್ಟೇ ಯಾಕುಂಟು?" ಎಂದು ಕೇಳಿದ್ದಳು. "ನಿನ್ನ ಕೆಲಸ ಎಂಟ್ರಿ, ಅಷ್ಟು ಮಾಡು" ಎಂದರು ನಿಮ್ಮ ಸರ್. ಆಮೇಲೆ ಅವಳು ಬಾಯಿ ಬಿಟ್ಟಿಲ್ಲ.

ಅದು ಆಡಿಟರ್ ಕೇಳಬೇಕಾದ ಪ್ರಶ್ನೆ! ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿರುವಾಗ ಮೀನಿಗೆಂದು ಐಸ್ ಒಯ್ಯುವವರು ಯಾರು? ಪ್ಲಾಂಟ್ ನಿಂತರೂ ಡಿಮ್ಯಾಂಡ್ ಚಾರ್ಜ್ ಎಂಬ ನಿಗದಿತ ಶುಲ್ಕ ಕಟ್ಟಬೇಕು, ನಿಜ. ಆದರೆ ಯೂನಿಟ್ ಇಳಿದಿರಬೇಕಲ್ಲ. ಬಿಲ್ ಬಾರದೆ ಹಳೇ ಮೊತ್ತವನ್ನೇ ಯಾರೋ ನಕಲು ಮಾಡಿರಬಹುದು, ಹಳೆಯ ಬಾಕಿ ಸೇರಿಸಿ ಎಂಟ್ರಿ ಹಾಕಿರಬಹುದು. ಪಕ್ಕದಲ್ಲಿ ಕೋಲ್ಡ್ ಸ್ಟೋರೇಜ್ ಇದ್ದರೆ ತಪ್ಪೇ ಇಲ್ಲದಿರಲೂಬಹುದು. ವಿದ್ಯುತ್ ಕಂಪನಿ ಮೆಸ್ಕಾಂನ ಬಿಲ್ಲಿನಲ್ಲಿ ರೀಡಿಂಗ್ ತಾರೀಕು, ಯೂನಿಟ್, ಬಾಕಿ ಈ ಮೂರನ್ನು ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಊರಿನ ಮಳೆಗಾಲವನ್ನು ಲೆಡ್ಜರಿನ ಪಕ್ಕದಲ್ಲಿಟ್ಟು ನೋಡಿದ ಹುಡುಗಿಯನ್ನು ನಿಮ್ಮ ಸರ್ ಟೈಪಿಸ್ಟ್ ಮಾಡಿ ಕೂರಿಸಿದರು. ಉಳಿದ ಇಬ್ಬರೂ ಅದನ್ನು ನೋಡಿ ಪಾಠ ಕಲಿತರು. ಮಕ್ಕಳನ್ನು ದೂರಬೇಡಿ. ಅವತ್ತು ಅಲ್ಲೇ ಇದ್ದು ನೀವೂ ಸುಮ್ಮನಿದ್ದಿರಿ, ಅದಕ್ಕೆ ನನಗೆ ಬೇಸರವಿದೆ.

ರಾತ್ರಿ ಎಂಟರವರೆಗೆ ಕೂತು ನೀವೇ ತಿದ್ದುವುದೂ ಅವರ ಬಾಯಿ ಮುಚ್ಚಿಸುವ ಕೆಲಸವೇ. ನೀವು ಬರೆದ 2,700 ರೂಪಾಯಿ ವ್ಯತ್ಯಾಸವನ್ನೇ ತೆಗೆದುಕೊಳ್ಳಿ. ಪಾಸಾಗದ ಚೆಕ್, ಬ್ಯಾಂಕ್ ಚಾರ್ಜ್ ಎಲ್ಲ ಕಳೆದ ಮೇಲೂ ಬ್ಯಾಂಕಿನ ಲೆಕ್ಕಕ್ಕಿಂತ ಪುಸ್ತಕದಲ್ಲಿ ಅಷ್ಟು ಹೆಚ್ಚು ಉಳಿಯಿತು. "9ರಿಂದ ಭಾಗಿಸಿ ನೋಡು" ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಶೇಷ ಉಳಿಯದಿದ್ದರೆ ಅಂಕಿಗಳು ಅದಲುಬದಲಾಗಿರುವ ಸಂಶಯ. 2,700 ಅಂದರೆ 900ರ ಮೂರು ಪಟ್ಟು. ಹಾಗಾಗಿ ಸಾವಿರ ಮತ್ತು ನೂರರ ಸ್ಥಾನದಲ್ಲಿ ಮೂರರ ಅಂತರವಿರುವ ಅಂಕಿಗಳನ್ನು ಹುಡುಕಬೇಕು. 5,280ರ ಪಾವತಿ 2,580 ಎಂದು ಕೂತಿದ್ದು ಅವರ ಕಣ್ಣಿಗೇ ಬೀಳುತ್ತಿತ್ತು. ಸಿಗದಿದ್ದರೆ ಅರ್ಧ ಮಾಡಿ 1,350 ಹುಡುಕಲಿ. ಪಾವತಿಯ ಬದಲು ಜಮೆ ಎಂದು ಹಾಕಿದರೆ ವ್ಯತ್ಯಾಸ ಎರಡು ಪಟ್ಟು ಬರುತ್ತದೆ. ಹುಡುಕುವ ದಾರಿ ಹೇಳಿ, ಮೌಸ್ ಮುಟ್ಟಬೇಡಿ.

ಈ ಅಂಕಣದ ಹಳೇ ಓದುಗರಿಗೆ ನನ್ನ ಹಠ ಗೊತ್ತು: ಲೆಡ್ಜರ್ ತೆರೆಯುವ ಮೊದಲು ಪೆನ್ಸಿಲಿನಲ್ಲಿ ಅಂದಾಜು ಬರೆಯಬೇಕು. ಈ ತಿಂಗಳು ಡೀಸೆಲ್ ಎಷ್ಟಿರಬೇಕು, ಯಾಕೆ? ಅಂದಾಜು ಇಲ್ಲದವರಿಗೆ ಯಾವ ಮೊತ್ತವೂ ವಿಚಿತ್ರವಾಗಿ ಕಾಣುವುದಿಲ್ಲ. ಇದಕ್ಕೆ ತರಬೇತಿ ಶಿಬಿರ, ಬಹುಮಾನ ಏನೂ ಬೇಡ.

ಆದರೆ ಅದೆಲ್ಲ ನಂತರ. ಮೊದಲು ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಉಳಿದಿಬ್ಬರೂ ಇರುವಾಗಲೇ ಆ ಹುಡುಗಿಯನ್ನು ಕರೆಯಿರಿ. "ಅವತ್ತು ನೀನು ಕೇಳಿದ್ದು ಸರಿಯಿತ್ತು, ನಾನು ಮಾತಾಡಬೇಕಿತ್ತು" ಎನ್ನಿ. ಐಸ್ ಪ್ಲಾಂಟಿನ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಐದು ಬಿಲ್ಲುಗಳನ್ನು ಅವಳ ಕೈಗೆ ಕೊಡಿ, ಕ್ಲೈಂಟಿಗೆ ಫೋನೂ ಅವಳೇ ಮಾಡಲಿ. ಸರ್ ಏನಾದರೂ ಅಂದರೆ ಈ ಸಲ ಉತ್ತರ ನೀವು ಕೊಡಿ.