ಗಡ್ಡೆಗೆ ವೈರಸ್ ಚುಚ್ಚಿದರೆ

ಪ್ರಶ್ನೆ: ಕ್ಯಾನ್ಸರ್ ಇರುವ ಇಲಿಗಳಿಗೆ ವೈರಸ್ ಚುಚ್ಚುತ್ತಾರಂತೆ. ಅದು ಒಳ್ಳೆಯ ಕೋಶಗಳನ್ನೂ ಕೊಲ್ಲುತ್ತೆ ಅಲ್ವಾ ಮೇಡಂ?

ಉತ್ತರ: ಕೊಲ್ಲಬಾರದು ಅಂತಲೇ ವೈರಸ್ಸಿನ ಜೀನ್ ತೆಗೆದಿರುತ್ತಾರೆ. 1991ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳ ಮಿದುಳಿನ ಗಡ್ಡೆಗೆ ಬಳಸಿದ ಹರ್ಪಿಸ್ ವೈರಸ್‌ನಲ್ಲಿ ಥೈಮಿಡಿನ್ ಕೈನೇಸ್ ಜೀನ್ (ಡಿಎನ್‌ಎ ಕಟ್ಟಲು ನೆರವಾಗುವ ಕಿಣ್ವದ ಜೀನ್) ಇರಲಿಲ್ಲ. ಅಂಥ ವೈರಸ್ ಹೆಚ್ಚಬೇಕಾದರೆ ಒಂದೇ ಸಮನೆ ಒಡೆದು ಎರಡಾಗುವ ಕೋಶವೇ ಬೇಕು. ಸುಮ್ನೆ ಕೂತ ನರಕೋಶದಲ್ಲಿ ಅದರ ಆಟ ನಡೆಯದು. ಗಡ್ಡೆಯ ಕೋಶದಲ್ಲಿ ಸಾವಿರಾರು ಪಟ್ಟು ಹೆಚ್ಚಿ, ಕೋಶವನ್ನು ಸೀಳಿ, ಪಕ್ಕದ್ದಕ್ಕೆ ನುಗ್ಗುತ್ತದೆ.

ಇಲಿಯ ಚರ್ಮದಡಿಯ ಗಡ್ಡೆಯನ್ನು ಕ್ಯಾಲಿಪರ್ ಹಿಡಿದು ಅಳೆದವಳು ನಾನು. ಅದು ಕುಗ್ಗಿದ್ದು ಕಂಡಾಗ ಆಗುವ ಖುಷಿ ದೊಡ್ಡದು. ಆದರೂ ಈಗಲೇ ಜಾಸ್ತಿ ಆಸೆ ಬೇಡ. ಮನುಷ್ಯರ ಗಡ್ಡೆ ಬೆಳೆಸುವ ಇಲಿಗಳಿಗೆ ರೋಗನಿರೋಧಕ ಶಕ್ತಿ ತೀರಾ ಕಡಿಮೆ. ನಮ್ಮ ದೇಹ ವೈರಸ್ಸನ್ನು ಬೇಗ ಹೊಡೆದುಹಾಕಬಲ್ಲದು. 2015ರಲ್ಲಿ ಅಮೆರಿಕ ಒಪ್ಪಿದ ಟಿ-ವೆಕ್ ಎಂಬ ಹರ್ಪಿಸ್ ವೈರಸ್ ಔಷಧವನ್ನೂ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಗಡ್ಡೆಯೊಳಗೇ ನೇರವಾಗಿ ಚುಚ್ಚುತ್ತಾರೆ.